ಕಪ್ಪು ಪರದೆ, ಹೊಗೆ, ಆಮೇಲೆ ಭೂಂ

ಗುರುವಾರ ಬೆಳಿಗ್ಗೆ 11 ಗಂಟೆ 7 ನಿಮಿಷಕ್ಕೆ ಒಂದು ದೊಡ್ಡ ಘೋಷಣೆ ಇದೆ ಅಂತ ಸೋಮವಾರವೇ ಘೋಷಣೆ ಆಗುತ್ತದೆ. 11 ಗಂಟೆಗೆ ಯಾಕಾಗಬಾರದು, 11:15ಕ್ಕೆ ಯಾಕಾಗಬಾರದು ಅಂತ ಕೇಳಬೇಡಿ. ಆ 7 ನಿಮಿಷವನ್ನು ಯಾರೋ ಪಂಚಾಂಗ ನೋಡಿಯೇ ತೆಗೆದಿರುತ್ತಾರೆ. ಗುರುವಾರ ಬರುತ್ತದೆ. ಘೋಷಣೆ ಏನಪ್ಪಾ ಅಂದ್ರೆ, ಟ್ರೈಲರ್ ಯಾವತ್ತು ಬಿಡ್ತೀವಿ ಅನ್ನೋದು. ಒಂದು ತಾರೀಖು ಹೇಳೋಕೆ 40 ಸೆಕೆಂಡಿನ ವಿಡಿಯೋ. ಅದರಲ್ಲೂ ಹೊಗೆ, ಅದರಲ್ಲೂ ಭೂಂ.

ಇದಕ್ಕಿಂತ ಮುಂಚೆ ಟೈಟಲ್ ಪೋಸ್ಟರ್ ಬಂದಿದೆ. ಆ ಪೋಸ್ಟರಿಗೆ ಸ್ವಲ್ಪ ಬೆಂಕಿ ಹಾರಿಸಿ ಮೋಷನ್ ಪೋಸ್ಟರ್ ಮಾಡಿದ್ದಾರೆ. ಆಮೇಲೆ ಫಸ್ಟ್ ಲುಕ್, ಗ್ಲಿಂಪ್ಸ್, ಹೀರೋ ಹುಟ್ಟುಹಬ್ಬಕ್ಕೆ ಸ್ಪೆಷಲ್ ಗ್ಲಿಂಪ್ಸ್, ಟೀಸರ್, ಹಾಡಿನ ಪ್ರೊಮೋ, ಹಾಡು. ಲಗ್ನಪತ್ರಿಕೆ ಬರುತ್ತದೆ ಅಂತ ತಿಳಿಸಲು ಇನ್ನೊಂದು ಲಗ್ನಪತ್ರಿಕೆ ಅಚ್ಚು ಹಾಕಿಸುವ ಮನೆತನ ಇದು. ಮದುವೆ ಗಂಡು ಇನ್ನೂ ಸಿಕ್ಕಿಲ್ಲ, ಅಂದ್ರೆ ಸಿನಿಮಾದ ಕ್ಲೈಮ್ಯಾಕ್ಸ್ ಶೂಟಿಂಗ್ ಬಾಕಿ ಇದೆ. ಅದೇನು ದೊಡ್ಡ ವಿಷಯ ಬಿಡಿ.

ಕೊನೆಗೂ ಟ್ರೈಲರ್ ಬರುತ್ತದೆ. ಮೊದಲು ಕಪ್ಪು ಪರದೆ. ಅದರ ಹಿಂದೆ ಒಂದು ದನಿ. ವಯಸ್ಸಾದ, ಗಂಟಲು ಕೆರೆದ, ಉಬ್ಬಸದ ದನಿ. "ಅವನ್ಯಾರು ಅಂತ ಗೊತ್ತಾ?" ನಾವು ಕೇಳಿರಲಿಲ್ಲ. ಆದರೂ ಆ ಅಜ್ಜ ಬಿಡುವುದಿಲ್ಲ. ಅವನು ಹುಟ್ಟಿದ ರಾತ್ರಿ ಮಳೆ ಬಂತು, ನಾಯಿ ಬೊಗಳಲಿಲ್ಲ, ದೀಪ ಆರಿತು ಅಂತ ಹೇಳುತ್ತಾ ಹೋಗುತ್ತಾರೆ. ಈ ಅಜ್ಜನ ಪಾತ್ರ ಸಿನಿಮಾದಲ್ಲಿ ಎರಡು ಸಲ ಬರುತ್ತದೆ. ಎರಡನೇ ಸಲ ಸಾಯುತ್ತಾರೆ.

ಆಮೇಲೆ ಕಾಲು. ಕಡ್ಡಾಯವಾಗಿ ಕಾಲು. ಕ್ಯಾಮೆರಾ ನೆಲದ ಮೇಲಿರುತ್ತದೆ. ಅದಕ್ಕಿಂತ ಕೆಳಗೆ ಹೋಗಲು ಜಾಗ ಇಲ್ಲ ಅಂತ ನೆಲದ ಮೇಲೆ. ಜೀಪಿನ ಬಾಗಿಲು ತೆರೆಯುತ್ತದೆ, ಬೂಟು ಇಳಿಯುತ್ತದೆ, ಧೂಳು ಏಳುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಹೀರೋಗಳ ಬೂಟಿನ ಅಟ್ಟೆಯನ್ನು ನೋಡಿದಷ್ಟು ನಾವು ಅವರ ಮುಖ ನೋಡಿಲ್ಲ. ಕೆಳಗಿನಿಂದ ನೋಡಿದರೆ ಯಾರೇ ಆದರೂ ಎತ್ತರ ಕಾಣುತ್ತಾರೆ. ಅದಕ್ಕೇ ಈ ಕಸರತ್ತು. ಅದೂ ಸಾಮಾನ್ಯ ವೇಗದಲ್ಲಿ ಅಲ್ಲ. ಸೆಕೆಂಡಿಗೆ 120 ಫ್ರೇಮ್ ಹಿಡಿದು 24ರ ಲೆಕ್ಕದಲ್ಲಿ ಓಡಿಸಿದರೆ ಒಂದು ಸೆಕೆಂಡಿನ ಕೆಲಸ ಐದು ಸೆಕೆಂಡು ಎಳೆಯುತ್ತದೆ. ಜೀಪಿನಿಂದ ಇಳಿದು, ಕನ್ನಡಕ ತೆಗೆದು, ಕುತ್ತಿಗೆ ನೆಟಿಗೆ ಮುರಿಯುವಷ್ಟರಲ್ಲಿ ಎದುರಿಗೆ ನಿಂತ ನಲವತ್ತು ರೌಡಿಗಳಿಗೆ ಊಟ ಮಾಡಿ ಬರುವಷ್ಟು ಟೈಮ್ ಇರುತ್ತದೆ. ಪಾಪ, ಅವರು ಹೋಗುವುದಿಲ್ಲ. ಮಚ್ಚು ಹಿಡಿದು ಕಾಯುತ್ತಾರೆ.

ಬಣ್ಣದ ಕಥೆ ಇನ್ನೂ ಚೆಂದ. ಶೂಟಿಂಗ್ ನಡೆದಿದ್ದು ತೀರ್ಥಹಳ್ಳಿ ಕಡೆ, ಮಳೆಗಾಲದಲ್ಲಿ. ಕಣ್ಣು ಕುಕ್ಕುವ ಹಸಿರು. ಆ ದೃಶ್ಯವನ್ನು ಡಿಐ ಕೋಣೆಗೆ, ಅಂದ್ರೆ ಕಂಪ್ಯೂಟರಿನಲ್ಲಿ ಸಿನಿಮಾದ ಬಣ್ಣ ತಿದ್ದುವ ಕೋಣೆಗೆ ತಂದು ಕೂರಿಸಿ, ಹಸಿರನ್ನೆಲ್ಲ ಹಿಂಡಿ ತೆಗೆದು, ಬೂದಿ ಬಣ್ಣ ಬಳಿಯುತ್ತಾರೆ. ಆಕಾಶ ನೀಲಿ ಇದ್ದರೆ ಮಾಸ್ ಅಲ್ಲವಂತೆ. ಎಲೆ ಹಸಿರಿದ್ದರೆ ಸೀರಿಯಲ್ ಅನ್ನಿಸುತ್ತದಂತೆ. ಬೂದಿಯೇ ಬೇಕಿದ್ದರೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಪೀಣ್ಯದಲ್ಲೇ ಮುಗಿಸಬಹುದಿತ್ತು ಅಲ್ವಾ?

ಈ ಬೂದಿಗೊಂದು ಮೂಲ ಇದೆ. ಅದನ್ನು ಹೇಳದೆ ಹೋದರೆ ಅನ್ಯಾಯ ಆಗುತ್ತದೆ. 2021ರ ಜನವರಿಯಲ್ಲಿ 'ಕೆಜಿಎಫ್: ಚಾಪ್ಟರ್ 2' ಟೀಸರ್ ಬಂತು. ಯಶ್ ದೊಡ್ಡ ಮಷಿನ್ ಗನ್ ಹಿಡಿದು ಜೀಪುಗಳನ್ನೆಲ್ಲ ಗಾಳಿಗೆ ಹಾರಿಸುತ್ತಾರೆ. ಗುಂಡು ಮುಗಿದ ಮೇಲೆ ಕೆಂಪಗೆ ಕಾದ ಅದರ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾರೆ. ದೇಶವೆಲ್ಲ ಶಿಳ್ಳೆ ಹೊಡೆಯಿತು. ರಾಜ್ಯದ ತಂಬಾಕು ನಿಯಂತ್ರಣ ಕೋಶ ಮಾತ್ರ ನೋಟಿಸ್ ಕಳಿಸಿತು. ಅಷ್ಟು ಜೀಪು ಉರಿದು ಬಿದ್ದಿದ್ದಕ್ಕೆ ಯಾವ ಕೋಶವೂ ಕೇಳಲಿಲ್ಲ. ಸಿಗರೇಟಿಗೆ ಕೇಳಿದರು. ಆ ಸಿನಿಮಾದ ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಆಗ 20ರ ಆಸುಪಾಸಿನ ಹುಡುಗ. ಅಭಿಮಾನಿಯಾಗಿ ವಿಡಿಯೋ ಕತ್ತರಿಸಿ ಅಂಟಿಸುತ್ತಿದ್ದವನನ್ನು ನಿರ್ದೇಶಕ ಪ್ರಶಾಂತ್ ನೀಲ್ ಕರೆದು ಕೂರಿಸಿದರು. ಟಕ್ ಅಂತ ಕಪ್ಪಾಗಿ ಟಕ್ ಅಂತ ಬೆಳಕಾಗುವ ಆ ಓಟಕ್ಕೆ ಬಸ್ರೂರಿನ ರವಿ ಅವರ ಸಂಗೀತ ಸೇರಿತು. ಅಲ್ಲಿ ಮಸಿಗೆ ಅರ್ಥ ಇತ್ತು. ಕಥೆಯೇ ಗಣಿಯದ್ದು.

ಅದಾದ ಮೇಲೆ ಶುರುವಾಯಿತು ನೋಡಿ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದರ ಧೂಳು ಮಾತ್ರ ಇವತ್ತಿಗೂ ಕನ್ನಡ ಟ್ರೈಲರ್‌ಗಳ ಮೇಲೆ ಬೀಳುತ್ತಲೇ ಇದೆ. ಮಲ್ಲೇಶ್ವರದ ಕೂಡುಕುಟುಂಬದ ಕಥೆ ಇದ್ದರೂ ಮನೆಯವರ ಮುಖಕ್ಕೆ ಮಸಿ. ಅತ್ತೆ ಕಾಫಿ ಸೋಸುವುದು ಸ್ಲೋ ಮೋಷನ್‌ನಲ್ಲಿ. ಫಿಲ್ಟರಿನಿಂದ ಒಂದು ಹನಿ ಡಿಕಾಕ್ಷನ್ ಬೀಳುತ್ತದೆ. ಭೂಂ! 2022ರ ಸೆಪ್ಟೆಂಬರ್ ಕೊನೆಗೆ 'ಕಾಂತಾರ' ಬಂದು ಗೆದ್ದಿತು. ಮಾರನೇ ತಿಂಗಳಿಂದ ಎಲ್ಲರ ಕೈಗೂ ಪಂಜು ಬಂತು. ಕಾಡಿಲ್ಲದ ಕಥೆಯಲ್ಲೂ ಕಾಡು, ರಾತ್ರಿ, ಡೋಲು, ಬೆನ್ನು ತಿರುಗಿಸಿ ನಿಂತ ಬರಿಮೈಯ ಗಂಡಸು. ಗೆದ್ದವರ ಕಥೆ ಕದಿಯುವುದು ಕಷ್ಟ, ಬರೆಯಬೇಕಾಗುತ್ತದೆ. ಬಣ್ಣ ಮತ್ತು ಸದ್ದು ಆದರೆ ಒಂದು ವಾರದಲ್ಲಿ ಆಗುತ್ತದೆ.

ಸದ್ದು ಅಂದೆನಲ್ಲ. ಟ್ರೈಲರಿನ ಅರ್ಧ ಕೆಲಸ ಅದರದ್ದೇ. ಮೊದಲು ಒಂದು ಶಬ್ದ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ. ಎಡಿಟಿಂಗ್ ರೂಮಿನಲ್ಲಿ ಅದಕ್ಕೆ ರೈಸರ್ ಅಂತಾರೆ. ಅದು ಏರುವಾಗ ನಮಗೆ ಗೊತ್ತಿಲ್ಲದೆ ಭುಜವೂ ಏರುತ್ತದೆ. ತುದಿ ಮುಟ್ಟಿತು ಅನ್ನುವಾಗ ಎಲ್ಲ ಬಂದ್. ಅರ್ಧ ಸೆಕೆಂಡು ಪೂರ್ತಿ ನಿಶ್ಶಬ್ದ. ಎಲ್ಲೋ ಒಂದು ಹನಿ ನೀರು ತೊಟ್ಟಿಕ್ಕುತ್ತದೆ. ಕಿವಿ ಚುರುಕಾಗಿರುವ ಆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಾರೆ. ಉಪಾಯ ಒಳ್ಳೆಯದೇ, ನಿಜಕ್ಕೂ ಕೆಲಸ ಮಾಡುತ್ತದೆ. ಹಡಗಿನ ಕಹಳೆಯಂಥ ಆ ದಪ್ಪ ಸದ್ದನ್ನು ಊರೂರಿಗೂ ಹಬ್ಬಿಸಿದ್ದು 2010ರ 'ಇನ್ಸೆಪ್ಷನ್' ಟ್ರೈಲರ್‌ಗಳು. ಕ್ರಿಸ್ಟೋಫರ್ ನೋಲನ್ ಕನಸಿನೊಳಗೆ ಕನಸು ತೋರಿಸಲು ಅದನ್ನು ಬಳಸಿದರು. ನಾವು ಹೀರೋ ಲುಂಗಿ ಎತ್ತಿ ಕಟ್ಟುವುದಕ್ಕೆ ಬಳಸುತ್ತೇವೆ.

ತಮಾಷೆ ಏನು ಗೊತ್ತಾ? ಆ ಭೂಂನ ಜೀವ ಇರುವುದು 30, 40 ಹರ್ಟ್ಸ್‌ನ ಆಳದಲ್ಲಿ. ಥಿಯೇಟರಿನ ಸಬ್‌ವೂಫರ್ ಅದನ್ನು ಎದೆಗೆ ಮುಟ್ಟಿಸುತ್ತದೆ. ನಾವು ಟ್ರೈಲರ್ ನೋಡುವುದು ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತಾಕತ್ತೇ ಇಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ ಭೂಂ ನಮಗೆ 'ಟಪ್' ಅಂತ ಕೇಳುತ್ತದೆ. ದೃಶ್ಯದ ಗತಿಯೂ ಅದೇ. ಮೊದಲೇ ಕತ್ತಲೆ, ಅದರ ಮೇಲೆ ಮಧ್ಯಾಹ್ನದ ಬಿಸಿಲು. ಪರದೆ ಕಪ್ಪಾದಾಗಲೆಲ್ಲ ಫೋನಿನಲ್ಲಿ ಕಾಣುವುದು ನಮ್ಮದೇ ಮುಖ. ಎರಡೂವರೆ ನಿಮಿಷದ ಟ್ರೈಲರಿನಲ್ಲಿ ಹೀರೋಯಿನ್‌ಗಿಂತ ಜಾಸ್ತಿ ಹೊತ್ತು ನಾವೇ ಇರುತ್ತೇವೆ. ಆಕೆಗೆ ಸಿಗುವುದು ಮೂರು ಶಾಟ್. ಒಮ್ಮೆ ತಿರುಗಿ ನೋಡುತ್ತಾಳೆ, ಒಮ್ಮೆ ನಗುತ್ತಾಳೆ, ಒಮ್ಮೆ ಅಳುತ್ತಾಳೆ. ಸಿನಿಮಾದಲ್ಲಿ ನಾಲ್ಕನೆಯದು ಇರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಈಗ ಇನ್ನೊಂದು ಹೊಸ ರೋಗ. ಯೂಟ್ಯೂಬ್ ಜಾಹೀರಾತನ್ನು ಐದು ಸೆಕೆಂಡಿಗೆ ಸ್ಕಿಪ್ ಮಾಡಬಹುದಲ್ಲ. ಹಾಗಾಗಿ ಟ್ರೈಲರ್ ಶುರುವಾಗುವ ಮೊದಲು ಅದೇ ಟ್ರೈಲರಿನ ಐದು ಸೆಕೆಂಡಿನ ಚೂರು ಓಡಿಸುತ್ತಾರೆ. ಹೊಡೆತ, ಬಡಿತ, ಸ್ಫೋಟ, ಕಿರುಚಾಟ. ಹಾಲಿವುಡ್‌ನವರು ಶುರು ಮಾಡಿದ್ದು, ಈಗ ಎಲ್ಲರ ಮನೆಗೂ ಬಂದಿದೆ. ನೀವು ಆಗಲೇ ಟ್ರೈಲರ್ ಒತ್ತಿ ಕೂತಿದ್ದೀರಿ. ನೋಡಲು ರೆಡಿ ಇರುವ ಮನುಷ್ಯನಿಗೆ, ನೋಡುತ್ತಿರುವ ವಸ್ತುವನ್ನೇ ನೋಡು ಅಂತ ಜಾಹೀರಾತು ಕೊಡುವುದು.

ಹಿಂದೆಯೂ ಟ್ರೈಲರಿನವರು ಸತ್ಯಹರಿಶ್ಚಂದ್ರರೇನಲ್ಲ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ 'ಸೈಕೋ'ಗೆ ಮಾಡಿದ ಟ್ರೈಲರ್ ಆರು ನಿಮಿಷ ದಾಟುತ್ತದೆ. ಅದರಲ್ಲಿ ಸಿನಿಮಾದ ದೃಶ್ಯಗಳೇ ಇಲ್ಲ ಅನ್ನಬಹುದು. ಮನೆ ಬಾಡಿಗೆಗೆ ತೋರಿಸುವವರ ಹಾಗೆ ಹಿಚ್‌ಕಾಕ್ ತಾವೇ ಸೆಟ್ಟಿನಲ್ಲಿ ಸುತ್ತಾಡಿ, ಇಲ್ಲಿ ಮೆಟ್ಟಿಲು, ಇಲ್ಲಿ ಬಾತ್‌ರೂಮು ಅಂತ ಆರಾಮಾಗಿ ಮಾತಾಡುತ್ತಾರೆ. ಕೊನೆಗೆ ಶವರಿನ ಪರದೆ ಸರಕ್ಕನೆ ಎಳೆಯುತ್ತಾರೆ. ಒಬ್ಬಳು ಕಿರುಚುತ್ತಾಳೆ. ಅವಳು ಸಿನಿಮಾದ ಶವರಿನಲ್ಲಿರುವ ಜಾನೆಟ್ ಲೀ ಅಲ್ಲವೇ ಅಲ್ಲ. ವಿಗ್ ಹಾಕಿಸಿ ನಿಲ್ಲಿಸಿದ ವೆರಾ ಮೈಲ್ಸ್. ಅದೂ ಮೋಸವೇ. ಆದರೆ ಮೋಸ ಮಾಡುವುದಕ್ಕೂ ಅವರು ತಲೆ ಓಡಿಸಿದ್ದರು.

ಹಾಗಾದರೆ ಟ್ರೈಲರಿನಲ್ಲಿ ತೋರಿಸಿದ್ದು ಸಿನಿಮಾದಲ್ಲಿ ಇರಲೇಬೇಕಾ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗಿ ಬಂದಿದೆ. 2016ರಲ್ಲಿ ಶಾರುಖ್ ಖಾನ್ ಅವರ 'ಫ್ಯಾನ್' ಬಂತು. ಪ್ರಚಾರದಲ್ಲಿ ಒಂದು ಹಾಡು ಓಡಿದ್ದೇ ಓಡಿದ್ದು. ಔರಂಗಾಬಾದಿನ ಶಿಕ್ಷಕಿಯೊಬ್ಬರು ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ಸಿನಿಮಾ ಮುಗಿದರೂ ಹಾಡು ಬರಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ಗ್ರಾಹಕರ ಕೋರ್ಟಿಗೆ ಹೋದರು. ರಾಜ್ಯ ಆಯೋಗ ನಿರ್ಮಾಪಕರಿಗೆ 10,000 ರೂಪಾಯಿ ಪರಿಹಾರ, 5,000 ಖರ್ಚು ಕೊಡಿ ಅಂದಿತು. ರಾಷ್ಟ್ರೀಯ ಆಯೋಗವೂ ಹೌದು ಅಂದಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರಚಾರದ ಟ್ರೈಲರ್ ಅಂದರೆ ಆಫರ್ ಅಲ್ಲ, ಭರವಸೆಯೂ ಅಲ್ಲ ಅಂತ ತೀರ್ಪು. ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು. ಪ್ರತಿ ಶಾಟಿಗೂ ಕೇಸು ಹಾಕುತ್ತಾ ಕೂತರೆ ಸಿನಿಮಾ ಯಾರು ಮಾಡುತ್ತಾರೆ? ಅಮೆರಿಕದಲ್ಲೂ ಇಬ್ಬರು ಹೀಗೆ ಹೋಗಿದ್ದರು. ಟ್ರೈಲರಿನಲ್ಲಿದ್ದ ನಟಿ ಆನಾ ಡಿ ಆರ್ಮಸ್ 'ಯೆಸ್ಟರ್‌ಡೇ' ಸಿನಿಮಾದಲ್ಲಿ ಇರಲೇ ಇಲ್ಲ ಅನ್ನುವುದು ಅವರ ದೂರು. ಸ್ವಲ್ಪ ದೂರ ಓಡಿ ಆ ಕೇಸೂ ಕೂತಿತು.

ನನ್ನ ಬೇಡಿಕೆ ಸಣ್ಣದು. ಸಿಗರೇಟು ಕಂಡರೆ ಮೂಲೆಯಲ್ಲಿ ಎಚ್ಚರಿಕೆ ಹಾಕುತ್ತೀರಲ್ಲ, ಟ್ರೈಲರಿಗೂ ಒಂದು ಸಾಲು ಹಾಕಿ. 'ಇದರಲ್ಲಿ ಕಂಡದ್ದು ಸಿನಿಮಾದಲ್ಲಿ ಸಿಕ್ಕರೆ ಅದು ಕೇವಲ ಕಾಕತಾಳೀಯ.' ಮುಖೇಶನ ಕಥೆ ಹೇಳಿದ ದನಿಯಲ್ಲೇ ಓದಿಸಿದರೆ ಇನ್ನೂ ಒಳ್ಳೆಯದು.

ಬೆಂಗಳೂರಿನವರೊಬ್ಬರು ಬೇರೆ ದಾರಿ ಹಿಡಿದರು. 2023ರ ಡಿಸೆಂಬರ್‌ನಲ್ಲಿ ಮಲ್ಟಿಪ್ಲೆಕ್ಸ್ ಒಂದಕ್ಕೆ ಹೋಗಿದ್ದರು. ಶೋ 4:05ಕ್ಕೆ. ಸಿನಿಮಾ ಶುರುವಾಗಿದ್ದು 4:30ಕ್ಕೆ. ನಡುವಿನ 25 ನಿಮಿಷ ಜಾಹೀರಾತು ಮತ್ತು ಟ್ರೈಲರ್. ನನ್ನ ಟೈಮಿಗೆ ಬೆಲೆ ಇಲ್ವಾ ಅಂತ ಕೇಸು ಹಾಕಿದರು. 2025ರ ಫೆಬ್ರುವರಿಯಲ್ಲಿ ಗ್ರಾಹಕರ ಆಯೋಗ ಬೆಲೆ ಇದೆ ಅಂದಿತು. ಅವರಿಗೆ ಪರಿಹಾರ, ಮೇಲೆ ಗ್ರಾಹಕರ ನಿಧಿಗೆ 1 ಲಕ್ಷ ಕಟ್ಟಿ ಅಂತ ಆದೇಶ. ಮುಂದಿನ ತಿಂಗಳೇ ಹೈಕೋರ್ಟ್ ತಡೆ ಕೊಟ್ಟಿತು. ಒಟ್ಟು ಸದ್ಯದ ಸ್ಥಿತಿ ಇಷ್ಟು: ಟ್ರೈಲರನ್ನು ನಂಬಿ ಹೋದರೆ ಅದು ನಿಮ್ಮ ತಲೆನೋವು. ನಂಬದೆ ಕೂತು ನೋಡಿದರೂ ನಿಮ್ಮದೇ.

ಟ್ರೈಲರ್ ಬಿಟ್ಟ ಮಾರನೇ ದಿನ ಹೋಟೆಲಿನಲ್ಲಿ ಕೇಕ್ ಕತ್ತರಿಸುತ್ತಾರೆ. 24 ಗಂಟೆಯಲ್ಲಿ ಇಷ್ಟು ಮಿಲಿಯನ್ ವ್ಯೂಸ್! ಐದೂ ಭಾಷೆಯದ್ದು ಕೂಡಿಸಿ, ದುಡ್ಡು ಕೊಟ್ಟು ಓಡಿಸಿದ್ದನ್ನೂ ಸೇರಿಸಿ. ಮಿಲಿಯನ್‌ಗಟ್ಟಲೆ ನೋಡಿದವರಲ್ಲಿ ಒಂದಿಷ್ಟು ಜನ ಶುಕ್ರವಾರ ಬಂದಿದ್ದರೂ ಸಾಕಿತ್ತು. ಬರುವುದಿಲ್ಲ. ಯಾಕೆ ಬರಬೇಕು? ಕಥೆ ಗೊತ್ತಾಗಿದೆ, ಫೈಟು ನೋಡಿಯಾಗಿದೆ, ಒಳ್ಳೆಯ ಡೈಲಾಗು ಎಲ್ಲರ ಬಾಯಲ್ಲೂ ಹಳಸಿದೆ. ಉಳಿದಿರುವುದು ಎರಡು ಮುಕ್ಕಾಲು ಗಂಟೆಯ ಸಿನಿಮಾ ಮಾತ್ರ.

ಸೋಮವಾರ ನಿರ್ದೇಶಕರು ಒಂದು ವಿಡಿಯೋ ಬಿಡುತ್ತಾರೆ. ಗಡ್ಡ ಬಿಟ್ಟಿರುತ್ತಾರೆ, ಕಣ್ಣು ಸ್ವಲ್ಪ ತೇವ. "ಜನ ಟ್ರೈಲರ್ ನೋಡಿ ಏನೇನೋ ನಿರೀಕ್ಷೆ ಇಟ್ಕೊಂಡು ಬಂದ್ರು. ದಯವಿಟ್ಟು ಯಾವ ನಿರೀಕ್ಷೆನೂ ಇಟ್ಕೊಳ್ಳದೆ ಬನ್ನಿ, ಸಿನಿಮಾ ಖಂಡಿತ ಇಷ್ಟ ಆಗುತ್ತೆ." ಆ ಮಾತಿನ ಹಿಂದೆಯೂ ಸಣ್ಣಗೆ ಒಂದು ರೈಸರ್ ಹಾಕಿರುತ್ತಾರೆ.