ನನ್ನ ಮೆಚ್ಚಿನ ರಾಜ್ಯ ನ್ಯೂ ಮೆಕ್ಸಿಕೋ. ಹೌದು, ಅದು ಅಮೆರಿಕದಲ್ಲೇ ಇದೆ

ಅಮೆರಿಕದಲ್ಲಿ ನಾಲ್ಕು ಕನ್ನಡಿಗರು ಒಂದೆಡೆ ಊಟಕ್ಕೆ ಕುಳಿತರೆ, ಯಾವ ರಾಜ್ಯ ಒಳ್ಳೆಯದು ಎಂಬ ಮಾತು ಬಾರದೆ ಎಲೆಗೆ ಮಜ್ಜಿಗೆ ಬರುವುದಿಲ್ಲ. ಟೆಕ್ಸಾಸ್‌ನವರು ತಮ್ಮಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ ಎಂದು ಎದೆಯುಬ್ಬಿಸುತ್ತಾರೆ. ಕ್ಯಾಲಿಫೋರ್ನಿಯಾದವರು ಹವೆಯನ್ನು ಹೊಗಳುತ್ತಾರೆ. ಮನೆಯ ಬೆಲೆ ಕೇಳಿದರೆ ಮಾತು ಬದಲಿಸುತ್ತಾರೆ. ನ್ಯೂಜೆರ್ಸಿಯವರಿಗೆ ದೇವಸ್ಥಾನವೂ ದಿನಸಿ ಅಂಗಡಿಯೂ ಹತ್ತಿರವಿದ್ದರೆ ಸ್ವರ್ಗಕ್ಕೆ ಇನ್ನೇನು ಬೇಕು. ನನ್ನ ಸರದಿ ಬಂದಾಗ ನಾನು ನ್ಯೂ ಮೆಕ್ಸಿಕೋ ಎನ್ನುತ್ತೇನೆ. ಕೂಡಲೇ ಯಾರಾದರೊಬ್ಬರು ‘ಅಲ್ಲಿ ಏನಿದೆ?’ ಎನ್ನುತ್ತಾರೆ. ಊರಿನ ನೆಂಟರಾದರೆ, ಅಲ್ಲಿಗೆ ಹೋಗಲು ಬೇರೆ ವೀಸಾ ಬೇಕಲ್ಲವೇ ಎಂದು ಕೇಳಿಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಅಮೆರಿಕನ್ನರೇ ಅದನ್ನು ಪರದೇಶ ಎಂದುಕೊಳ್ಳುವುದುಂಟು. ಐವತ್ತು ರಾಜ್ಯಗಳಲ್ಲಿ ವಾಹನದ ನಂಬರ್ ಪ್ಲೇಟಿನ ಮೇಲೆ ‘ಯು.ಎಸ್.ಎ.’ ಎಂದು ಬರೆದುಕೊಂಡಿರುವ ರಾಜ್ಯ ಅದೊಂದೇ.

ಏನಿದೆ ಎಂದು ಕೇಳಿದವರಿಗೆ ಮೊದಲು ಲೆಕ್ಕದ ಉತ್ತರ: ನೆಲವಿದೆ, ಜನವಿಲ್ಲ. ವಿಸ್ತೀರ್ಣ ಸುಮಾರು 3,15,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಹೆಚ್ಚು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು ಸುಮಾರು 21 ಲಕ್ಷ ಮಂದಿ. ಒಂದು ಊರು ಬಿಟ್ಟು ಇನ್ನೊಂದು ಊರಿನ ಕಡೆ ಹೊರಟರೆ ಪೆಟ್ರೋಲ್ ಎಷ್ಟಿದೆ ಎಂದು ನೋಡಿಕೊಂಡೇ ಹೊರಡಬೇಕು.

ಆದರೆ ನನ್ನ ಮೆಚ್ಚುಗೆಯ ಮೂಲ ಬೇರೆ. ಈ ದೇಶದಲ್ಲಿ ಯಾವ ಹೊಸ ಜಾಗಕ್ಕೆ ಹೋದರೂ ನನ್ನನ್ನು ಮೊದಲು ಕಾಡುವುದು, ಇಲ್ಲಿ ಹಿಂದೆ ಇದ್ದವರು ಏನಾದರು ಎಂಬ ಪ್ರಶ್ನೆ. ಬಹುಪಾಲು ರಾಜ್ಯಗಳಲ್ಲಿ ಅದಕ್ಕೆ ಉತ್ತರ ಒಂದು ನದಿಯ ಹೆಸರಿನಲ್ಲೋ ಹೆದ್ದಾರಿ ಪಕ್ಕದ ಕಂದು ಫಲಕದಲ್ಲೋ ಮುಗಿದುಹೋಗುತ್ತದೆ. ನ್ಯೂ ಮೆಕ್ಸಿಕೋದಲ್ಲಿ ಉತ್ತರ ಹೇಳಲು ಅವರೇ ಇದ್ದಾರೆ. ಪ್ವೆಬ್ಲೊ ಎಂಬ ಮೂಲನಿವಾಸಿ ಜನರ ಹತ್ತೊಂಬತ್ತು ಊರುಗಳು (ಊರಿಗೂ ಪ್ವೆಬ್ಲೊ ಎಂದೇ ಹೆಸರು) ಇಂದಿಗೂ ತಮ್ಮ ನೆಲದಲ್ಲಿ, ತಮ್ಮ ಆಡಳಿತದಲ್ಲಿ, ತಮ್ಮ ಹಬ್ಬಗಳ ಪಂಚಾಂಗದಲ್ಲಿ ನಡೆಯುತ್ತಿವೆ. ಅವರಲ್ಲದೆ ನವಾಹೋ ಜನರಿದ್ದಾರೆ, ಅಪಾಚೆ ಜನರಿದ್ದಾರೆ. ‘ಅಮೆರಿಕಕ್ಕೆ ಇನ್ನೂರೈವತ್ತು ವರ್ಷದ ಇತಿಹಾಸ’ ಎಂದು ನಾವು ಭಾರತೀಯರು ಸ್ವಲ್ಪ ಗತ್ತಿನಿಂದಲೇ ಹೇಳುತ್ತೇವಲ್ಲ, ಆ ಮಾತನ್ನು ಟಾವೋಸ್ ಪ್ವೆಬ್ಲೊದ ಅಂಗಳದಲ್ಲಿ ನಿಂತು ಹೇಳಲು ನಾಲಿಗೆ ಏಳುವುದಿಲ್ಲ. ಮಣ್ಣಿನ ಇಟ್ಟಿಗೆಯಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಆ ಮನೆಗಳಲ್ಲಿ ಸಾವಿರ ವರ್ಷಗಳ ಆಸುಪಾಸಿನಿಂದ ಜನವಸತಿ ಇದೆ. ವೈಟ್ ಸ್ಯಾಂಡ್ಸ್‌ನಲ್ಲಿ, ಒಣಗಿಹೋದ ಹಳೆಯ ಸರೋವರದ ಕೆಸರಿನಲ್ಲಿ ಉಳಿದ ಮನುಷ್ಯರ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷ ವಯಸ್ಸೆಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಟಾವೋಸ್‌ನ ಒಂದು ಕಥೆ ಸಾಕು, ನಾನು ಆ ರಾಜ್ಯಕ್ಕೆ ಯಾಕೆ ಸೋತೆ ಎಂದು ತಿಳಿಯಲು. ಊರಿನ ಹಿಂದಿನ ಬೆಟ್ಟಗಳಲ್ಲಿ ಬ್ಲೂ ಲೇಕ್ ಎಂಬ ಸರೋವರವಿದೆ. ಟಾವೋಸ್ ಜನರಿಗೆ ಅದು ಪವಿತ್ರ ಸ್ಥಳ. 1906ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರ ಅದನ್ನೂ ಸುತ್ತಲಿನ ಕಾಡನ್ನೂ ಅರಣ್ಯ ಇಲಾಖೆಯ ಪಾಲು ಮಾಡಿತು. ಅಂದಿನಿಂದ ಊರಿನವರು ಅರ್ಜಿ ಹಿಡಿದು ಅಲೆದರು. ನೆಲವನ್ನು ಅನ್ಯಾಯವಾಗಿಯೇ ಕಿತ್ತುಕೊಳ್ಳಲಾಗಿದೆ ಎಂದು 1965ರಲ್ಲಿ ಮೂಲನಿವಾಸಿಗಳ ನೆಲದ ದೂರು ಕೇಳುವ ಕ್ಲೇಮ್ಸ್ ಆಯೋಗ ಒಪ್ಪಿಕೊಂಡು, ಪರಿಹಾರದ ಹಣ ಕೊಡುತ್ತೇವೆ ಎಂದಿತು. ಊರಿನವರು ಹಣ ಬೇಡ, ಸರೋವರ ಕೊಡಿ ಎಂದರು. ಶ್ರೀಮಂತರ ಹಟವಲ್ಲ ಅದು. ಆ ದುಡ್ಡಿನ ಅಗತ್ಯ ಅವರಿಗೆ ಖಂಡಿತ ಇತ್ತು. ಕೊನೆಗೆ 1970ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ 48,000 ಎಕರೆಯನ್ನು ಹಿಂದಿರುಗಿಸಿದರು. ಹುವಾನ್ ದೆ ಹೇಸೂಸ್ ರೊಮೆರೊ ಎಂಬ ಊರಿನ ಧಾರ್ಮಿಕ ಮುಖ್ಯಸ್ಥರು ತಮ್ಮ ಇಳಿವಯಸ್ಸಿನಲ್ಲಿ ಶ್ವೇತಭವನದವರೆಗೆ ಹೋಗಿ ಆ ಸಹಿಗೆ ಸಾಕ್ಷಿಯಾದರು. ಅರವತ್ತನಾಲ್ಕು ವರ್ಷ! ಇಂದು ಹೊರಗಿನವರಿಗೆ ಆ ಸರೋವರದ ಹತ್ತಿರ ಪ್ರವೇಶವಿಲ್ಲ. ನನಗೂ ಇಲ್ಲ, ನಿಮಗೂ ಇಲ್ಲ. ನೋಡಲು ಬಿಡದ ಜಾಗವೊಂದು ಇರುವುದೇ ಆ ರಾಜ್ಯದಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿಗಳಲ್ಲಿ ಒಂದು.

ಈ ಗಟ್ಟಿತನ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ್ದಲ್ಲ. 1680ರಲ್ಲಿ, ಶಿವಾಜಿ ತೀರಿಕೊಂಡ ಅದೇ ವರ್ಷ, ಪೊಪೇ ಎಂಬ ಧಾರ್ಮಿಕ ನಾಯಕ ಓಟಗಾರರ ಕೈಯಲ್ಲಿ ಗಂಟು ಹಾಕಿದ ಹಗ್ಗಗಳನ್ನು ಊರೂರಿಗೆ ಕಳುಹಿಸಿದ. ದಿನಕ್ಕೊಂದು ಗಂಟು ಬಿಚ್ಚುತ್ತಾ ಹೋದರೆ ಕೊನೆಯ ಗಂಟು ಮುಗಿದ ದಿನ ದಂಗೆ. ಬೇರೆ ಬೇರೆ ಭಾಷೆಯಾಡುವ, ನೂರಾರು ಮೈಲಿ ಹರಡಿದ್ದ ಊರುಗಳು ಒಟ್ಟಾಗಿ ಎದ್ದು ಸ್ಪ್ಯಾನಿಷ್ ಆಳ್ವಿಕೆಯನ್ನು ಓಡಿಸಿದವು. ಹನ್ನೆರಡು ವರ್ಷ ಸ್ಪೇನಿನವರಿಗೆ ರಾಜಧಾನಿ ಸಾಂತಾ ಫೆಗೆ ಮರಳಲಾಗಲಿಲ್ಲ. ಮರಳಿದ ಮೇಲೂ ಮೊದಲಿನ ದರ್ಪ ನಡೆಯಲಿಲ್ಲ. ರಕ್ತ ಹರಿಯಿತು, ಪಾದ್ರಿಗಳೂ ಸತ್ತರು, ಅದನ್ನು ಮುಚ್ಚಿಡುವುದಿಲ್ಲ. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪ್ರತಿಯೊಂದು ರಾಜ್ಯಕ್ಕೂ ಇಬ್ಬರ ಪ್ರತಿಮೆ ಇಡುವ ಹಕ್ಕಿದೆ. ನ್ಯೂ ಮೆಕ್ಸಿಕೋ ತನ್ನ ಎರಡನೆಯ ಪ್ರತಿಮೆಯಾಗಿ 2005ರಲ್ಲಿ ಕಳುಹಿಸಿದ್ದು ಈ ಪೊಪೇಯನ್ನು, ಕೈಯಲ್ಲಿ ಆ ಗಂಟಿನ ಹಗ್ಗ ಹಿಡಿಸಿ.

ಭಾಷೆಯ ವಿಷಯಕ್ಕೆ ಬರೋಣ. ಕನ್ನಡಿಗನಾಗಿ ಇದನ್ನು ಬಿಟ್ಟು ಮುಂದೆ ಹೋಗಲಾರೆ. 1848ರಲ್ಲಿ ಯುದ್ಧದ ನಂತರದ ಒಪ್ಪಂದದಲ್ಲಿ ಮೆಕ್ಸಿಕೋದಿಂದ ಅಮೆರಿಕದ ಕೈಗೆ ಬಂದ ಈ ಪ್ರದೇಶಕ್ಕೆ ರಾಜ್ಯದ ಸ್ಥಾನ ಸಿಕ್ಕಿದ್ದು 1912ರ ಜನವರಿಯಲ್ಲಿ, 47ನೆಯ ರಾಜ್ಯವಾಗಿ. ಅಷ್ಟು ತಡವಾದುದಕ್ಕೆ ಒಂದು ಮುಖ್ಯ ಕಾರಣ, ಅಲ್ಲಿನವರು ಸ್ಪ್ಯಾನಿಷ್ ಮಾತನಾಡುತ್ತಾರೆ, ಇಂಥವರನ್ನು ಹೇಗೆ ನಂಬುವುದು ಎಂಬ ಪೂರ್ವದ ರಾಜಕಾರಣಿಗಳ ಅನುಮಾನ. ಅಷ್ಟು ಅವಮಾನ ನುಂಗಿದ ಮೇಲೂ ಆ ಜನ ತಮ್ಮ ಸಂವಿಧಾನದಲ್ಲಿ ಏನು ಬರೆದುಕೊಂಡರು ನೋಡಿ: ಕಾನೂನುಗಳು ಮೊದಲ ಇಪ್ಪತ್ತು ವರ್ಷ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಪ್ರಕಟವಾಗಬೇಕು, ಸ್ಪ್ಯಾನಿಷ್ ಮೂಲದ ಮಕ್ಕಳಿಗೆ ಶಾಲೆಯ ಬಾಗಿಲು ಎಂದೂ ಮುಚ್ಚಬಾರದು, ಶಿಕ್ಷಕರಿಗೆ ಎರಡೂ ಭಾಷೆಗಳಲ್ಲಿ ತರಬೇತಿ ಸಿಗಬೇಕು. ಕಾಗದದ ಮೇಲಿದ್ದದ್ದೆಲ್ಲ ತರಗತಿಗೆ ಇಳಿಯಲಿಲ್ಲ. ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಬೆತ್ತದ ಏಟು ಬಿದ್ದ ಕಾಲವೂ ಇತ್ತು. ಇನ್ನು ಮೂಲನಿವಾಸಿಗಳು ಮತದ ಹಕ್ಕನ್ನು ಪಡೆದದ್ದು 1948ರಲ್ಲಿ, ಇಸ್ಲೆಟಾ ಪ್ವೆಬ್ಲೊದ ಮಿಗೆಲ್ ಟ್ರುಹಿಯೊ ಎಂಬ ಶಿಕ್ಷಕ, ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕ, ನ್ಯಾಯಾಲಯಕ್ಕೆ ಹೋಗಿ ಗೆದ್ದ ಮೇಲೆ. ಸ್ವತಂತ್ರ ಭಾರತಕ್ಕೆ ಆಗ ಒಂದು ವರ್ಷ ತುಂಬುತ್ತಿತ್ತು.

ನೀರಿನ ವ್ಯವಸ್ಥೆ ನನ್ನನ್ನು ಇನ್ನೂ ಹತ್ತಿರಕ್ಕೆ ಎಳೆಯುತ್ತದೆ. ಉತ್ತರದ ಕಣಿವೆಗಳಲ್ಲಿ ಅಸೇಕಿಯಾ ಎಂಬ ಮಣ್ಣಿನ ಕಾಲುವೆಗಳಿವೆ, ರಾಜ್ಯದಲ್ಲಿ ಒಟ್ಟು ಸುಮಾರು ಏಳುನೂರು. ಅರಬರು ಸ್ಪೇನಿಗೆ ಕಲಿಸಿದ ನೀರಾವರಿ ಪದ್ಧತಿ ಸ್ಪ್ಯಾನಿಷ್ ರೈತರ ಜೊತೆ ಇಲ್ಲಿಗೆ ಬಂದು, ಇಲ್ಲಿ ಮೊದಲೇ ಇದ್ದ ಪ್ವೆಬ್ಲೊ ಜನರ ಬೇಸಾಯದ ಪಕ್ಕದಲ್ಲಿ ನೆಲೆಯೂರಿತು. ಪ್ರತಿ ಕಾಲುವೆಗೂ ರೈತರೇ ಆರಿಸಿದ ಒಬ್ಬ ಮಯೋರ್ದೊಮೊ ಇರುತ್ತಾನೆ. ನಮ್ಮ ಕಡೆಯ ಕೆರೆಯ ನೀರುಗಂಟಿಯ ಹಾಗೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸುವವನು ಅವನೇ. ವಸಂತದಲ್ಲಿ ಪಾಲುದಾರರೆಲ್ಲ ಸಲಿಕೆ ಹಿಡಿದು ಕಾಲುವೆಯ ಹೂಳು ತೆಗೆಯಬೇಕು. ಬರಲಾಗದವರು ಆಳನ್ನು ಕಳುಹಿಸಬೇಕು. ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲೂ ಕುಗ್ಗುತ್ತದೆ. ಅಮೆರಿಕದ ಪಶ್ಚಿಮದ ಉಳಿದ ಜಲ ಕಾನೂನು ಇದಕ್ಕೆ ನೇರ ವಿರುದ್ಧ: ಮೊದಲು ಹಕ್ಕು ಸ್ಥಾಪಿಸಿದವನಿಗೆ ಪೂರ್ತಿ, ಹಿಂದೆ ಬಂದವನಿಗೆ ಉಳಿದರೆ ಉಂಟು. ನೀರಿನ ಹಕ್ಕನ್ನು ಆಸ್ತಿಯಂತೆ ಮಾರಲೂಬಹುದು. ಹಣವಿರುವ ನಗರಗಳು ಹಳ್ಳಿಯ ನೀರನ್ನು ಕೊಂಡುಕೊಳ್ಳುವ ಭಯ ಹೆಚ್ಚಾದಾಗ, 2003ರಲ್ಲಿ ರಾಜ್ಯ ಒಂದು ಕಾನೂನು ಮಾಡಿ, ತಮ್ಮ ಕಾಲುವೆಯಿಂದ ನೀರು ಹೊರಗೆ ವರ್ಗವಾಗುವುದನ್ನು ತಡೆಯುವ ಅಧಿಕಾರವನ್ನು ಅಸೇಕಿಯಾಗಳಿಗೇ ಕೊಟ್ಟಿತು. ನಮ್ಮಲ್ಲಿ ಕೆರೆಗಳು ಬಸ್ ನಿಲ್ದಾಣಗಳಾದದ್ದನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ.

ಮೆಣಸಿನಕಾಯಿಯ ಬಗ್ಗೆ ಬರೆಯದಿದ್ದರೆ ನ್ಯೂ ಮೆಕ್ಸಿಕೋದವರು ನನ್ನನ್ನು ಕ್ಷಮಿಸುವುದಿಲ್ಲ. ಅಲ್ಲಿನ ಶಾಸನಸಭೆ ರಾಜ್ಯಕ್ಕೊಂದು ಅಧಿಕೃತ ಪ್ರಶ್ನೆಯನ್ನು ಗೊತ್ತು ಮಾಡಿದೆ: ‘ಕೆಂಪೋ ಹಸಿರೋ?’ ಹೋಟೆಲಿನಲ್ಲಿ ಕುಳಿತರೆ ಊಟದ ಮೇಲೆ ಸುರಿಯುವ ಮೆಣಸಿನಕಾಯಿ ಗೊಜ್ಜು ಯಾವ ಬಣ್ಣದ್ದಿರಲಿ ಎಂದು ಕೇಳುತ್ತಾರೆ. ಎರಡೂ ಬೇಕಿದ್ದರೆ ‘ಕ್ರಿಸ್‌ಮಸ್’ ಎನ್ನಬೇಕು. 2023ರಲ್ಲಿ ರಾಜ್ಯಕ್ಕೊಂದು ಅಧಿಕೃತ ಪರಿಮಳವೂ ಬಂತು. ಶರತ್ಕಾಲದಲ್ಲಿ ಹಸಿರು ಮೆಣಸಿನಕಾಯಿ ಸುಡುವ ವಾಸನೆ. ಇದನ್ನು ಸೂಚಿಸಿದ್ದು ಐದನೆಯ ತರಗತಿಯ ಮಕ್ಕಳು. ನಮ್ಮ ವಿಧಾನಸೌಧ ಒಗ್ಗರಣೆಯ ಘಮಕ್ಕೆ ಮಸೂದೆ ತರುವ ದಿನವನ್ನು ನಾನು ಕಾಯುತ್ತಿದ್ದೇನೆ. ಪೋರ್ಚುಗೀಸರು ತರದಿದ್ದರೆ ಬ್ಯಾಡಗಿ ಮಾರುಕಟ್ಟೆಯೂ ಇಲ್ಲ, ನಮ್ಮ ಸಾರಿಗೆ ಆ ಬಣ್ಣವೂ ಇಲ್ಲ ಎಂಬುದು ಗೊತ್ತಿದ್ದೂ ನಾವು ಮೆಣಸಿನಕಾಯಿ ನಮ್ಮದೇ ಎಂಬಂತೆ ಮಾತನಾಡುತ್ತೇವೆ. ಲಾಸ್ ಕ್ರೂಸಸ್‌ನ ವಿಶ್ವವಿದ್ಯಾಲಯದಲ್ಲಿ ಮೆಣಸಿನಕಾಯಿಗೆಂದೇ ಒಂದು ಸಂಸ್ಥೆ ಇದೆ. ನಮ್ಮ ಈಶಾನ್ಯದ ಭೂತ್ ಜೊಲೋಕಿಯಾ ಜಗತ್ತಿನ ಅತ್ಯಂತ ಖಾರದ ಕಾಯಿ ಎಂದು 2007ರಲ್ಲಿ ಗಿನ್ನೆಸ್ ದಾಖಲೆ ಸೇರಿದ್ದು ಅಲ್ಲಿನ ಪರೀಕ್ಷೆಯಿಂದಲೇ.

ಇಷ್ಟು ಹೊಗಳಿದವನು ಟ್ರಿನಿಟಿ ಎಂಬ ಅಣುಪರೀಕ್ಷೆಯ ಬಗ್ಗೆ ಸುಮ್ಮನಿದ್ದರೆ ಮೋಸವಾಗುತ್ತದೆ. 1945ರ ಜುಲೈ 16ರ ಬೆಳಗಿನ ಜಾವ ಜಗತ್ತಿನ ಮೊದಲ ಅಣುಬಾಂಬು ಸಿಡಿದದ್ದು ಈ ರಾಜ್ಯದ ಮರುಭೂಮಿಯಲ್ಲಿ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೆ ಈ ಸ್ಫೋಟದಲ್ಲಿ ಆಸಕ್ತಿ ಇರುವುದು, ಬಾಂಬು ಮಾಡಿದ ತಂಡದ ಮುಖ್ಯ ವಿಜ್ಞಾನಿ ಓಪನ್‌ಹೈಮರ್ ಭಗವದ್ಗೀತೆಯ ಸಾಲನ್ನು ನೆನೆದರು ಎಂಬಷ್ಟಕ್ಕೆ ಮಾತ್ರ. ಸುತ್ತಲಿನ ಊರು, ಹಟ್ಟಿಗಳಲ್ಲಿ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದ ಜನರಿಗೆ ಯಾರೂ ಮುನ್ಸೂಚನೆ ಕೊಡಲಿಲ್ಲ. ಮದ್ದುಗುಂಡಿನ ಕೋಠಿ ಸಿಡಿಯಿತು ಎಂದು ಸುಳ್ಳು ಪ್ರಕಟಣೆ ಹೊರಟಿತು. ಬೂದಿ ಅವರ ಬೆಳೆಯ ಮೇಲೂ ನೀರಿನ ಮೇಲೂ ಬಿತ್ತು. ವಿಕಿರಣಕ್ಕೆ ಸಿಲುಕಿದವರಿಗೆ ಪರಿಹಾರ ಕೊಡಲು 1990ರಲ್ಲಿ ಕಾನೂನು ಬಂದಾಗ ನೆವಾಡಾ ಪರೀಕ್ಷೆಗಳ ಗಾಳಿ ಬೀಸಿದ ಕಡೆಯವರು ಸೇರಿದರು, ಮೊದಲ ಬಾಂಬಿನ ನೆರೆಹೊರೆಯವರು ಸೇರಲಿಲ್ಲ. ಅವರನ್ನು ಸೇರಿಸಿದ್ದು 2025ರ ಜುಲೈನಲ್ಲಿ, ಸ್ಫೋಟಕ್ಕೆ ಎಂಬತ್ತು ವರ್ಷ ತುಂಬುವ ಹೊತ್ತಿಗೆ. ಅಷ್ಟರಲ್ಲಿ ಆ ತಲೆಮಾರಿನ ಬಹುತೇಕರು ಮಣ್ಣು ಸೇರಿದ್ದರು. ಆ ಬಾಂಬನ್ನು ರೂಪಿಸಿದ ಲಾಸ್ ಅಲಮೋಸ್‌ನ ಪ್ರಯೋಗಾಲಯ ಇಂದಿಗೂ ಬೆಟ್ಟದ ಮೇಲಿದೆ, ಅಲ್ಲಿ ಕೆಲಸ ಮಾಡುವ ಭಾರತೀಯರೂ ಇದ್ದಾರೆ, ಒಳ್ಳೆಯ ಸಂಬಳವೂ ಇದೆ. ಬೆಟ್ಟದ ಕೆಳಗಿನ ಪ್ವೆಬ್ಲೊಗಳಿಂದ ಅದರ ದೀಪಗಳು ಕಾಣುತ್ತವೆ.

ಬಡತನವೂ ಹಾಗೆಯೇ. ಮಕ್ಕಳ ಯೋಗಕ್ಷೇಮದ ಪಟ್ಟಿಗಳಲ್ಲಿ ಈ ರಾಜ್ಯ ವರ್ಷವರ್ಷವೂ ತಳದಲ್ಲೇ ಕಾಣಿಸಿಕೊಳ್ಳುತ್ತದೆ. ಗೆಳೆಯರು ಇದನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸಲು ನೋಡುತ್ತಾರೆ. ನಾನು ತಿರುಗಿ ಹೇಳುವುದಿಷ್ಟು: ಆಗ್ನೇಯ ಮೂಲೆಯ ತೈಲದಿಂದ ಬಂದ ಹಣವನ್ನು ಅವರು ಏನು ಮಾಡುತ್ತಿದ್ದಾರೆ ಎಂದೂ ನೋಡಿ. 2022ರಲ್ಲಿ ಮತದಾರರು ಸಂವಿಧಾನ ತಿದ್ದಿ, ರಾಜ್ಯದ ಶಾಶ್ವತ ನಿಧಿಯಿಂದ ಚಿಕ್ಕ ಮಕ್ಕಳ ಶಿಕ್ಷಣ, ಆರೈಕೆಗೆ ಹೆಚ್ಚು ಪಾಲು ತೆಗೆಯಲು ಒಪ್ಪಿದರು. 2025ರ ನವೆಂಬರ್‌ನಿಂದ ಆದಾಯದ ಮಿತಿಯಿಲ್ಲದೆ ಎಲ್ಲ ಕುಟುಂಬಗಳಿಗೂ ಶಿಶುಪಾಲನೆ ಉಚಿತ ಎಂದು ರಾಜ್ಯ ಘೋಷಿಸಿತು. ಡೇಕೇರ್ ಬಿಲ್ ಕಟ್ಟಿ ಬೆನ್ನು ಬಾಗಿದ ಎಳೆಯ ದಂಪತಿಗಳು ನಮ್ಮ ಕನ್ನಡ ಕೂಟದಲ್ಲೇ ಎಷ್ಟು ಜನ! ತೈಲ ಬತ್ತಿದ ಮೇಲೆ ಏನು ಎಂಬ ಪ್ರಶ್ನೆ ಇದ್ದೇ ಇದೆ. ಅದಕ್ಕೆ ಅವರ ಬಳಿಯೂ ಸರಿಯಾದ ಉತ್ತರ ಇದ್ದಂತಿಲ್ಲ.

ಅಷ್ಟು ಮೆಚ್ಚಿದ್ದರೆ ಅಲ್ಲಿಗೇ ಹೋಗಬಾರದೇ ಎಂದು ಕೇಳುವವರಿಗೆ: ನನ್ನ ಕೆಲಸ ಟೆಕ್ಸಾಸ್‌ನಲ್ಲಿದೆ, ಮನೆ ಸಾಲವೂ ಇಲ್ಲೇ ಇದೆ. ಮೆಚ್ಚಿದ್ದನ್ನೆಲ್ಲ ವಿಳಾಸ ಮಾಡಿಕೊಳ್ಳಲು ಆಗುವುದಿಲ್ಲ.

ಹೋಗುವವರು ಸೆಪ್ಟೆಂಬರ್‌ನಲ್ಲಿ ಹೋಗಿ, ಅಂಗಡಿಗಳ ಮುಂದೆ ಮೆಣಸಿನಕಾಯಿ ಸುಡುವ ಕಬ್ಬಿಣದ ಪಂಜರಗಳು ತಿರುಗುವಾಗ. ಸಾಂತಾ ಫೆ ಸುಮಾರು ಏಳು ಸಾವಿರ ಅಡಿ ಎತ್ತರದಲ್ಲಿದೆ, ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ನೀರು ಕುಡಿಯುತ್ತಿರಿ. ಪ್ವೆಬ್ಲೊಗಳಲ್ಲಿ ಫೋಟೋ ತೆಗೆಯುವ ಮುನ್ನ ಕೇಳಿ. ಹಬ್ಬದ ಕುಣಿತವಿದ್ದರೆ ಕೇಳುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ, ಮೊಬೈಲನ್ನು ಕಾರಿನಲ್ಲೇ ಬಿಡಿ. ರಾಸ್‌ವೆಲ್‌ನ ಹಾರುವ ತಟ್ಟೆಗಳ ಅಂಗಡಿಗಳಿಗೆ ಒಂದು ದಿನ ಹಾಳು ಮಾಡಬೇಡಿ. ಆಕಾಶದ ಸುದ್ದಿಯೇ ಬೇಕಿದ್ದರೆ ಸೊಕೊರ್ರೊದಿಂದ ಪಶ್ಚಿಮಕ್ಕೆ ಕಾರು ತಿರುಗಿಸಿ. ಅಲ್ಲಿನ ಬಯಲಿನಲ್ಲಿ ತಲಾ 25 ಮೀಟರ್ ಅಗಲದ 27 ರೇಡಿಯೋ ದೂರದರ್ಶಕಗಳು ಹಳಿಗಳ ಮೇಲೆ ನಿಂತಿವೆ. ಅಲ್ಲಿಯೂ ಮೊಬೈಲ್ ಆರಿಸಲು ಹೇಳುತ್ತಾರೆ. ಊರಿನಿಂದ ಅಮ್ಮ ಫೋನ್ ಮಾಡುವ ಹೊತ್ತಾಗಿದ್ದರೆ ಮೊದಲೇ ಹೇಳಿಬಿಡಿ.