ಬೇಗ ಬಂದವರಿಗೆ ದಂಡ

ದಾವಣಗೆರೆಯಲ್ಲಿ ಹಳೆಯ ಕಾರು ಇಟ್ಟುಕೊಂಡವನಿಗೆ ಸಲಹೆಗಾರರ ಬರ ಇಲ್ಲ. ಬಾನೆಟ್ ಎತ್ತಿ ನಿಲ್ಲಿಸಿದರೆ ಸಾಕು, ಮಂಡಕ್ಕಿ ಕೊಳ್ಳಲು ಹೊರಟವರು, ಮದುವೆಗೆ ಹೊರಟವರು, ಎದುರುಮನೆಯ ನಿವೃತ್ತ ತಹಶೀಲ್ದಾರರು, ಎಲ್ಲರೂ ಬಂದು ಇಣುಕಿ ಆಳಿಗೊಂದು ರೋಗದ ಹೆಸರು ಹೇಳಿ ಹೋಗುತ್ತಾರೆ. ಇಂಥ ಊರಿನಲ್ಲಿ, ಗುಜರಿ ಸೇರಬೇಕಾದ ಕಾರನ್ನು ರ‍್ಯಾಲಿಗೆ ಇಳಿಸುತ್ತೇವೆಂದು ನಾವು ಮೂವರು ಹೊರಟ ಸುದ್ದಿ ಸಂಜೆಯೊಳಗೆ ಪಿ.ಬಿ. ರಸ್ತೆಯ ಈ ತುದಿಯಿಂದ ಆ ತುದಿಗೆ ಮುಟ್ಟಿತು.

ಇದಕ್ಕೆಲ್ಲ ಮೂಲಪುರುಷರು ನನ್ನ ಭಾವ. ಎರಡನೆಯ ಬೆಣ್ಣೆ ದೋಸೆ ಮುಗಿಯುವ ಹೊತ್ತಿಗೆ ಅವರಿಗೆ ಇಂಥ ಯೋಚನೆಗಳು ಹೊಳೆಯುತ್ತವೆ. ಅಮೆರಿಕದಲ್ಲಿ 2006ರಿಂದ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ರೇಸು ನಡೆಯುತ್ತಿದೆಯಂತೆ. ಫ್ರಾನ್ಸಿನ ಲೆ ಮಾನ್‌ನಲ್ಲಿ 1923ರಲ್ಲಿ ಶುರುವಾದ 24 ಗಂಟೆಗಳ ಘನಗಂಭೀರ ರೇಸನ್ನು ಅಣಕಿಸಲೆಂದೇ ಹುಟ್ಟಿದ್ದು. 500 ಡಾಲರಿಗಿಂತ ಹೆಚ್ಚು ಬೆಲೆಯ ಕಾರು ತರುವಂತಿಲ್ಲ; ಬ್ರೇಕು, ಟೈರು, ಚಾಲಕನ ರಕ್ಷಣೆಯ ಸಾಮಾನುಗಳಿಗೆ ಮಾತ್ರ ಆ ಲೆಕ್ಕದಿಂದ ವಿನಾಯಿತಿ. ಹೆಚ್ಚು ಸುತ್ತು ಹೊಡೆದವನಿಗೂ ಬಹುಮಾನ ಇದೆಯಾದರೂ ದೊಡ್ಡ ಮರ್ಯಾದೆಯೆಲ್ಲ ಓಡಲೇಬಾರದಂಥ ಕಾರನ್ನು ಹೇಗೋ ಓಡಿಸಿಕೊಂಡು ಹೋದವನಿಗೆ. “ಹಾಗಾದರೆ ನಿನ್ನ ಮಾರುತಿ ಅಲ್ಲಿ ವಿಶ್ವ ಚಾಂಪಿಯನ್ ಅಲ್ಲವೇನೋ?” ಎಂದರು ಭಾವ. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಅಮೆರಿಕ ದೂರವಾಯಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲೋ ಕೊಯಮತ್ತೂರಿನಲ್ಲೋ ರೇಸ್ ಟ್ರ್ಯಾಕ್ ಇದೆ, ಆದರೆ ಅಲ್ಲಿಯವರೆಗೆ ಕಾರು ಹೋಗಬೇಕಲ್ಲ! ಉಳಿದದ್ದು ನಮ್ಮ ಭಾಗದ ಹವ್ಯಾಸಿಗಳು ನಡೆಸುವ ಟಿ.ಎಸ್.ಡಿ. ರ‍್ಯಾಲಿ. ಕಾಲ, ವೇಗ, ದೂರ, ಈ ಮೂರರ ಲೆಕ್ಕಾಚಾರ. ಮಾಮೂಲಿ ರಸ್ತೆ, ಕಾನೂನಿನ ಮಿತಿಯೊಳಗಿನ ವೇಗ. ಇಷ್ಟು ದೂರವನ್ನು ಇಷ್ಟೇ ಸರಾಸರಿ ವೇಗದಲ್ಲಿ ಕ್ರಮಿಸಬೇಕೆಂದು ಮೊದಲೇ ಚೀಟಿ ಕೊಡುತ್ತಾರೆ. ದಾರಿಯಲ್ಲಿ ಎಲ್ಲೋ ಹುಣಸೆಮರದ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತವರು ನಾವು ದಾಟಿದ ಹೊತ್ತನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ತಡವಾದರೆ ಸೆಕೆಂಡಿಗೆ ಒಂದು ಅಂಕ ದಂಡ. ಬೇಗ ಬಂದರೆ ಎರಡು! ಮುಹೂರ್ತ ಹತ್ತಕ್ಕೆ ಎಂದರೆ ಊಟದ ಹೊತ್ತಿಗೆ ತಲುಪುವ ನಮ್ಮ ವಂಶದವರಿಗೆ ಇದಕ್ಕಿಂತ ನ್ಯಾಯವಾದ ಆಟ ಇನ್ನೊಂದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಕಾರಿನ ಬಗ್ಗೆ ಎರಡು ಮಾತು. ಮಾರುತಿ 800, ಮೂರು ಸಿಲಿಂಡರ್, 796 ಸಿ.ಸಿ. 1983ರ ಡಿಸೆಂಬರಿನಲ್ಲಿ ದೇಶದ ರಸ್ತೆಗಿಳಿದ ಈ ಮಾದರಿಯ ತಯಾರಿಕೆ 2014ರ ಜನವರಿಗೆ ನಿಂತಿತು. ನಮ್ಮದು ಕಾರ್ಬುರೇಟರ್ ಕಾಲದ್ದು, ಮಾವನವರಿಂದ ಬಳುವಳಿಯಾಗಿ ಬಂದದ್ದು. ಹದಿನೈದು ವರ್ಷಕ್ಕೆ ಮುಗಿದ ಆರ್.ಸಿ.ಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾ, ಹಸಿರು ತೆರಿಗೆ ಕಟ್ಟುತ್ತಾ ಬಂದಿದ್ದೇವೆ. ಮಾಡಿದವರ ತಪ್ಪು ಅದರಲ್ಲಿ ಏನೂ ಇಲ್ಲ, ಇರುವುದೆಲ್ಲ ನಮ್ಮ ಮನೆತನದ ಮಿತವ್ಯಯ. ಸ್ಪೀಡೋಮೀಟರ್ ಕೇಬಲ್ ತುಂಡಾಗಿ ಮುಳ್ಳು ಸೊನ್ನೆಯ ಮೇಲೆ ಮಲಗಿದೆ. ರೇಡಿಯೇಟರ್ ಫ್ಯಾನನ್ನು ಮೇಸ್ತ್ರಿ ಎಂದೋ ‘ಡೈರೆಕ್ಟ್’ ಮಾಡಿ, ಮನೆಯ ಕರೆಗಂಟೆಯ ಸ್ವಿಚ್ಚನ್ನು ಸ್ಟಿಯರಿಂಗ್ ಪಕ್ಕಕ್ಕೆ ಕೂರಿಸಿದ್ದಾರೆ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಮ್ಮ ರೇಡಿಯೇಟರ್ ಅಷ್ಟು ಕಾಯಿಸುವುದಿಲ್ಲ.

ರ‍್ಯಾಲಿಯ ಹಿಂದಿನ ರಾತ್ರಿ ಮೇಸ್ತ್ರಿ ಸೋರಿಕೆಗೆ ಅರಿಶಿನ ಪುಡಿ ಸುರಿದರು. ಆಮೇಲೆ ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಳೆದೆಳೆದು ಬಿರುಕು ಬಿಟ್ಟ ಹೋಸ್ ಪೈಪಿಗೆ ಸುತ್ತತೊಡಗಿದರು. ಕಚ್ಚಿದ ಹಲ್ಲನ್ನು ಬಿಡದೆಯೇ ಮಾತಾಡುವ ವಿದ್ಯೆ ಅವರಿಗೆ ಸಿದ್ಧಿಸಿದೆ. “ಏಳು ಸುತ್ತು ಹಾಕಿದ್ದೇನೆ ಸಾರ್. ದುರ್ಗದ ಕೋಟೆಗೂ ಏಳೇ ಸುತ್ತು.” ಆ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತೆಂಬುದನ್ನು ಮೇಷ್ಟ್ರು ಆಗಲೇ ಜ್ಞಾಪಿಸಬಾರದಿತ್ತು.

ಮೇಷ್ಟ್ರು ಎಂದರೆ ನಮ್ಮ ನ್ಯಾವಿಗೇಟರ್, ಹೈಸ್ಕೂಲಿನ ಗಣಿತದವರು. ಭಾವ ಚಾಲಕರು. ಹಿಂದಿನ ಸೀಟಿನಲ್ಲಿ ಕೊಡ, ಬಾಟಲಿ, ಕ್ಯಾನುಗಳ ನಡುವೆ ಕುಳಿತ ನನಗೆ ನೀರಾವರಿ ಖಾತೆ.

ಭರಮಸಾಗರ ದಾಟುವವರೆಗೆ ಎಲ್ಲವೂ ಸುಸೂತ್ರ. ದಾವಣಗೆರೆ, ಚಿತ್ರದುರ್ಗ 1997ರವರೆಗೆ ಒಂದೇ ಜಿಲ್ಲೆಯಾಗಿದ್ದವು. ನಮ್ಮ ಕಾರು ಮಾತ್ರ ಅವನ್ನು ಬೇರೆ ಬೇರೆ ದೇಶಗಳೆಂದೇ ತಿಳಿದಂತಿದೆ, ಗಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದಕ್ಕೆ ಜ್ವರ ಬಂತು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ರೆಕ್ಕೆ ಅಲುಗಿಸದೆ ನಿಂತಿದ್ದವು. ಉಷ್ಣಾಂಶದ ಮುಳ್ಳು ಕೆಂಪು ಗೆರೆಯತ್ತ ಹೊರಟಿತು. ಭಾವ ಕರೆಗಂಟೆ ಒತ್ತಿದರು, ಫ್ಯಾನು ತಿರುಗಿತು, ಮುಳ್ಳು ಇಳಿಯಲಿಲ್ಲ. “ಹೀಟರ್ ಹಾಕುತ್ತೇನೆ” ಎಂದರು.

ಏಪ್ರಿಲ್ ತಿಂಗಳು, ಚಿತ್ರದುರ್ಗ, ನಡು ಮಧ್ಯಾಹ್ನ. ಕಾರಿನೊಳಗೆ ಹೀಟರ್. ಇದರಲ್ಲಿ ವಿಜ್ಞಾನ ಇದೆ ಎಂದು ನಾನೂ ಬಲ್ಲೆ: ಎಂಜಿನ್ನಿನ ಬಿಸಿನೀರು ಹೀಟರಿನ ಪುಟ್ಟ ರೇಡಿಯೇಟರಿನಲ್ಲೂ ಹಾದುಹೋಗುವುದರಿಂದ ಎಂಜಿನ್ನಿನ ಶಾಖದಲ್ಲಿ ಒಂದು ಪಾಲು ನಮ್ಮ ಪಾಲಾಗುತ್ತದೆ. ಮುಳ್ಳು ನಿಜವಾಗಿಯೂ ಇಳಿಯಿತು. ಎಂಜಿನ್ ತಣ್ಣಗಾದಷ್ಟೂ ನಾವು ಬೆಂದೆವು. ಮೇಷ್ಟ್ರ ಹಣೆಯ ಬೆವರು ತೊಟ್ಟಿಕ್ಕಿ ವೇಗದ ಪಟ್ಟಿಯ ಮೇಲಿನ ಶಾಯಿ ಕದಡಿ, 7 ಹೋಗಿ 1 ಆಯಿತು. ಪಕ್ಕದಲ್ಲಿ ಬಂದ ಬಸ್ಸಿನ ಕಿಟಕಿಯಿಂದ ಒಂದು ಮಗು ನಮ್ಮನ್ನು ಕಂಡು ಅತ್ತಿತು.

ಮೇಷ್ಟ್ರ ಲೆಕ್ಕ ಸರಳ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್, ಒಂದು ಕಿಲೋಮೀಟರಿಗೆ 100 ಸೆಕೆಂಡು. ಸ್ಪೀಡೋಮೀಟರ್ ಇಲ್ಲದಿದ್ದರೇನು, ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಗಡಿಯಾರ ನೋಡಿಕೊಂಡರಾಯಿತು. ಈ ಉಪಾಯಕ್ಕೆ ಅವರಿಗೊಂದು ಪಾರಿತೋಷಕ ಕೊಡಬಹುದಿತ್ತು, ರಸ್ತೆ ಅಗಲ ಮಾಡಿದವರು ಕಿತ್ತ ಕಲ್ಲುಗಳನ್ನೆಲ್ಲ ಮತ್ತೆ ನೆಟ್ಟಿದ್ದರೆ. ಹೊಳಲ್ಕೆರೆ ಕಡೆಯ ರಸ್ತೆಯಲ್ಲಿ ನೂರು ಸೆಕೆಂಡು ಕಳೆಯಿತು, ಕಲ್ಲಿಲ್ಲ. ಇನ್ನೂರು, ಕಲ್ಲಿಲ್ಲ. “ಹಿಂದೆ ಬಿದ್ದೆವು, ಒತ್ತಿ ಭಾವ!” ಎಂದು ಮೇಷ್ಟ್ರು ಕೂಗಿದರು. (ನನ್ನ ಭಾವ ಆ ಹೊತ್ತಿಗೆ ಎಲ್ಲರ ಭಾವ ಆಗಿದ್ದರು.) ಭಾವ ಒತ್ತಿದರು. ಕೊನೆಗೆ ಕಂಡ ಕಲ್ಲಿನ ಸಂಖ್ಯೆ ನೋಡಿ ಮೇಷ್ಟ್ರು ಮಂಕಾದರು. ನಾವು ಮೂರು ನಿಮಿಷಕ್ಕೂ ಹೆಚ್ಚು ಮುಂದಿದ್ದೆವು.

ನಮ್ಮ ಕುಲದಲ್ಲಿ ಯಾರೂ ಎಲ್ಲಿಗೂ ಅಷ್ಟು ಬೇಗ ಹೋದದ್ದಿಲ್ಲ. ಕಾರನ್ನು ನಿಲ್ಲಿಸುವಂತಿಲ್ಲ, ಬಿಸಿಯಾದ ಮೇಲೆ ನಿಂತರೆ ಮತ್ತೆ ಸ್ಟಾರ್ಟ್ ಆಗುವುದು ಅದರ ಮರ್ಜಿ. ಎದುರಿಗೆ ಒಂದು ಹಳ್ಳಿ, ನಡುವೆ ಅರಳಿಕಟ್ಟೆ. ಭಾವ ಕಟ್ಟೆಯನ್ನು ಸುತ್ತತೊಡಗಿದರು. ಮೊದಲ ಸುತ್ತಿಗೆ ಕಟ್ಟೆಯ ಮೇಲಿನವರು ತಲೆ ಎತ್ತಿದರು. ಎರಡನೆಯದಕ್ಕೆ ಒಬ್ಬರು, “ಯಾರ ಮನೆ ಬೇಕಪ್ಪಾ?” ಎಂದರು. ಉತ್ತರ ಹೇಳುವುದರೊಳಗೆ ನಾವು ಆಚೆ ಬದಿಗೆ ಹೋಗಿದ್ದೆವು. ಮುಂದಿನ ಸುತ್ತಿನಲ್ಲಿ ನಾನು, “ಯಾರದ್ದೂ ಬೇಡ ಅಜ್ಜಾ, ಹೊತ್ತು ಕಳೆಯುತ್ತಿದ್ದೇವೆ” ಎಂದೆ. ಅದರ ಮುಂದಿನದರಲ್ಲಿ ಅವರು, “ಕೂತು ಕಳೆಯಬಾರದೇ?” ಎಂದರು. ಸಂಭಾಷಣೆ ಹೀಗೆ ಕಂತುಗಳಲ್ಲಿ ಸಾಗಿತು. ಕಟ್ಟೆಯ ನಾಗರಕಲ್ಲುಗಳಿಗೆ ನಾವು ಹರಕೆಯ ಪ್ರದಕ್ಷಿಣೆ ಹಾಕುತ್ತಿದ್ದೇವೆಂದು ತಿಳಿದ ಅಜ್ಜಿಯೊಬ್ಬರು ಕುಂಕುಮದ ಬಟ್ಟಲು ಹಿಡಿದು ಅಡ್ಡ ಬಂದರು. ಭಾವ ಬ್ರೇಕು ಹಾಕಲೇಬೇಕಾಯಿತು, ಕಾರು ನಿಂತೇಬಿಟ್ಟಿತು. ಅಜ್ಜಿ ಬಾನೆಟ್ಟಿಗೆ ಅಗಲವಾಗಿ ಕುಂಕುಮ ಇಟ್ಟರು. ಹೊಟ್ಟೆಯಲ್ಲಿ ಅರಿಶಿನ ಮೊದಲೇ ಇತ್ತು. ಆ ಸಂಭ್ರಮಕ್ಕೆ ಏಳು ಸುತ್ತಿನ ಕೋಟೆ ಒಡೆದು, ಹಳದಿ ನೀರು ಆರತಿ ಎತ್ತಿ ಚೆಲ್ಲಿದಂತೆ ಕಟ್ಟೆಯ ಮುಂದೆಲ್ಲ ಹರಿಯಿತು.

ಪೈಪಿಗೆ ಅಜ್ಜ ಸೀಮೆಎಣ್ಣೆ ಡಬ್ಬದ ಪಕ್ಕದಿಂದ ತಂದುಕೊಟ್ಟ ಸುತ್ತುತಂತಿ ಕಟ್ಟಿ, ಊರ ಹುಡುಗರೆಲ್ಲ ಸೇರಿ ತಳ್ಳಿ, ನಾವು ಗಡಿಯಾರದವರ ಮುಂದೆ ಹಾಜರಾದಾಗ ಅವರು ಕುರ್ಚಿ ಮಡಚುತ್ತಿದ್ದರು.

ಪಟ್ಟಿಯ ಬುಡದಲ್ಲಿದ್ದರೂ ‘ಅತಿ ಹಳೆಯ ವಾಹನ’ ಎಂಬ ವಿಶೇಷ ಬಹುಮಾನ ನಮಗೆಂದು ಗೊತ್ತಾದ್ದರಿಂದ ಸಮಾರಂಭಕ್ಕೆ ಕಾದೆವು. ಮುಖ್ಯ ಅತಿಥಿಗಳು ಬರಬೇಕಿತ್ತು. ಪ್ರಾರ್ಥನೆ ಹಾಡುವ ಹುಡುಗಿ ನಿದ್ದೆ ಹೋದಳು, ಹಾರದ ಹೂ ಬಾಡಿತು. ಅವರು ಬಂದದ್ದು ಸರಿಯಾಗಿ ಎರಡು ಗಂಟೆ ತಡವಾಗಿ, “ಸಮಯ ಪಾಲನೆಯನ್ನು ಕಲಿಸುವ ಈ ಕ್ರೀಡೆ” ಎಂದು ಭಾಷಣ ಆರಂಭಿಸಿದರು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ರ‍್ಯಾಲಿಯ ಚೀಟಿಯ ಹಿಂಬದಿಯಲ್ಲಿ ‘ಮುಖ್ಯ ಅತಿಥಿ: ದಂಡ 7200 ಅಂಕ’ ಎಂದು ಬರೆದು, ಸಹಿ ಹಾಕಿ, ವೇದಿಕೆಯತ್ತ ಹೊರಟೇಬಿಟ್ಟರು. ಭಾವ ಓಡಿಹೋಗಿ ಅವರ ಅಂಗಿ ಹಿಡಿದು ಎಳೆತಂದರು. ಆ ದಿನ ನಮ್ಮ ತಂಡ ತೋರಿಸಿದ ವೇಗ ಅದೊಂದೇ.