ಟಾಹೋದಲ್ಲಿ ಬೀಳುವ ಜಾಗಗಳು

ಸ್ಕೀಯಿಂಗ್‌ಗೆ ಹೋದವರು ಇಳಿಜಾರಿನಲ್ಲಿ ಬೀಳುತ್ತಾರೆ ಎಂಬುದು ಹೋಗದವರ ಕಲ್ಪನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಹಿಮದ ಬೆಟ್ಟಗಳ ಟಾಹೋಗೆ ಹೊರಡುವ ಯಾವುದೇ ಕನ್ನಡ ಗೆಳೆಯರ ಗುಂಪನ್ನು ಗಮನಿಸಿ. ಒಬ್ಬ ಪಾರ್ಕಿಂಗ್ ಲಾಟಿನಲ್ಲಿ ಬೀಳುತ್ತಾನೆ, ಒಬ್ಬಳು ಬೆಟ್ಟ ಹತ್ತಿಸುವ ತೂಗುಕುರ್ಚಿಯ ಲಿಫ್ಟಿನಿಂದ ಇಳಿಯುವಾಗ, ಇನ್ನೊಬ್ಬ ಲಾಡ್ಜಿನ ಮೆಟ್ಟಿಲ ಮೇಲೆ, ಅದೂ ಪುಳಿಯೋಗರೆ ಡಬ್ಬಿ ಸಮೇತ. ಬೆಟ್ಟದ ಪಾಲಿಗೆ ಉಳಿಯುವುದು ಅಷ್ಟಕ್ಕಷ್ಟೇ.

ಎಡವಟ್ಟು ಶುರುವಾಗುವುದು ವಾಟ್ಸಾಪ್ ಗ್ರೂಪಿನಲ್ಲೇ. ಹೆವನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಎಂಬ ಮೂರೂ ಸ್ಕೀ ರೆಸಾರ್ಟುಗಳು ಎಪಿಕ್ ಎಂಬ ಪಾಸಿಗೆ ಸೇರಿದವು. ಪ್ಯಾಲಿಸೇಡ್ಸ್ ಟಾಹೋ ರೆಸಾರ್ಟು ಐಕಾನ್ ಎಂಬ ಇನ್ನೊಂದು ಪಾಸಿನದು. ಅರ್ಧ ಜನ ಅದನ್ನು, ಅರ್ಧ ಜನ ಇದನ್ನು ಕೊಂಡರೆ ಒಂದೇ ಬಾಡಿಗೆ ಮನೆಯಿಂದ ಬೆಳಗ್ಗೆ ಕಾರುಗಳು ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಪಾಸೇ ಇಲ್ಲದವನು ರಜೆಯ ದಿನ ಕೌಂಟರಿಗೆ ಹೋದರೆ ಒಂದು ದಿನದ ಟಿಕೆಟ್ಟಿಗೆ 200 ಡಾಲರ್ ದಾಟಿಸುತ್ತಾನೆ.

ಆಮೇಲೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನು. ಐ-80 ಹೆದ್ದಾರಿಯಲ್ಲಿ 7,239 ಅಡಿ ಎತ್ತರದ ಡಾನರ್ ಸಮಿಟ್ ಹತ್ತುವ ಮುನ್ನ ಹಿಮ ಬಿದ್ದರೆ ‘ಆರ್-2’ ಬೋರ್ಡು ಬರುತ್ತದೆ. ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಆಲ್ ವೀಲ್ ಡ್ರೈವ್ ಗಾಡಿಗಳನ್ನು ಬಿಟ್ಟು ಉಳಿದವೆಲ್ಲ ಚೈನು ಹಾಕಬೇಕು. ವಿನಾಯಿತಿ ಸಿಕ್ಕವರೂ ಡಿಕ್ಕಿಯಲ್ಲಿ ಚೈನು ಇಟ್ಟುಕೊಂಡಿರಬೇಕು. ಅಂಗಡಿಯ ಪ್ಯಾಕೆಟ್ಟನ್ನು ಮೊದಲ ಬಾರಿ ಒಡೆಯುವ ಮುಹೂರ್ತ ರಾತ್ರಿ ಹತ್ತಕ್ಕೆ, ಗಾಳಿಗೆ ಬೆನ್ನು ಕೊಟ್ಟು, ಫೋನಿನ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದಿನ ಚಕ್ರಕ್ಕೆ ಚೈನು ಬಿಗಿದು ಕೈ ಒರೆಸಿಕೊಂಡು ಎದ್ದವರನ್ನು ಅಲ್ಲಿ ಪ್ರತಿ ಚಳಿಗಾಲವೂ ಕಾಣಬಹುದು. ಟೈರಿನ ಬದಿಯಲ್ಲಿ ಬರೆದ ಅಳತೆಗೆ ಸರಿಹೊಂದುವ ಚೈನನ್ನು ಮನೆಯ ಮುಂದೆ, ಒಣ ಹಗಲಿನಲ್ಲಿ ಒಮ್ಮೆ ಹಾಕಿ ತೆಗೆಯಿರಿ. ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಮಾಡಿ. ವೇಗ ಗಂಟೆಗೆ 25ರಿಂದ 30 ಮೈಲಿ, ಅಷ್ಟೇ. ಸಡಿಲಾದ ತುದಿ ಚಕ್ರದ ಗೂಡಿನೊಳಗೆ ಬಡಿಯುತ್ತ ಹೋದರೆ ಬ್ರೇಕ್ ಪೈಪಿಗೇ ಕುತ್ತು. ರಸ್ತೆಬದಿಯಲ್ಲಿ ಹಣ ಪಡೆದು ಚೈನು ಹಾಕಿಕೊಡುವವರಿದ್ದಾರೆ, ಆದರೆ ಅವರು ಚೈನು ಮಾರುವಂತಿಲ್ಲ. ಬರಿಗೈಲಿ ಹೋದವರು ಬಂದ ದಾರಿ ಹಿಡಿಯಬೇಕು.

ಬಾಡಿಗೆ ಅಂಗಡಿಯ ಫಾರ್ಮು ಮುಂದಿನ ಕಂಟಕ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯುದ್ದ, ಎಷ್ಟರ ಮಟ್ಟಿಗೆ ಬಲ್ಲಿರಿ ಎಂಬುದನ್ನೆಲ್ಲ ನೋಡಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಬಿಗಿ, ಅಂದರೆ ಡಿನ್ ಅಂಕ, ಗೊತ್ತುಮಾಡುತ್ತಾರೆ. ಬಿದ್ದಾಗ ಸ್ಕೀ ಕಾಲಿಂದ ಕಳಚಿಕೊಳ್ಳುವುದು ಈ ಲೆಕ್ಕದ ಮೇಲೆ. ಹಿಂದೆ ನಿಂತವರು ನೋಡುತ್ತಾರೆಂದು ತೂಕದಲ್ಲಿ ಇಪ್ಪತ್ತು ಪೌಂಡ್ ನುಂಗಿದರೆ ಸ್ಕೀ ಸುಮ್ಮಸುಮ್ಮನೆ ಕಳಚುತ್ತದೆ. ಎರಡು ವಿಡಿಯೋ ನೋಡಿ ‘ಎಕ್ಸ್‌ಪರ್ಟ್’ ಎಂದು ಗುರುತು ಹಾಕಿದವನದು ಕಳಚಬೇಕಾದಾಗ ಕಳಚುವುದಿಲ್ಲ, ತಿರುಚಿಕೊಳ್ಳುವುದು ಮೊಣಕಾಲು.

ಬೂಟಿನೊಳಗೆ ಒಂದೇ ಜೊತೆ ತೆಳು ಕಾಲುಚೀಲ. ಚಳಿಯೆಂದು ಎರಡು ಜೊತೆ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚು ಒಳಗೆ ಸಿಕ್ಕಿದರೆ ಮಧ್ಯಾಹ್ನದ ಹೊತ್ತಿಗೆ ಕಣಕಾಲಿನ ಮೇಲೆ ಕೆಂಪು ಗೆರೆ. ಇಷ್ಟೆಲ್ಲ ಬಿಗಿದುಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು, ಹಿಮ್ಮಡಿ ಊರಿ ಧಪ್ ಧಪ್ ಎಂದು ಬರುವ ಗುಂಪು ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಂತೆ ಕಾಣುತ್ತದೆ. ಪಾರ್ಕಿಂಗ್ ಲಾಟಿನಲ್ಲಿ ಬೀಳುವುದು ಈ ಹೊತ್ತಿನಲ್ಲೇ. ಬೈಂಡಿಂಗಿಗೆ ಬೂಟು ಕೂರದಿದ್ದರೆ ಕುಣಿದು ತುಳಿಯಬೇಡಿ. ಅಡಿಯಲ್ಲಿ ಹಿಮ ಅಂಟಿರುತ್ತದೆ. ಕೈಯ ಊರುಗೋಲಿನಿಂದ, ಅಂದರೆ ಪೋಲಿನಿಂದ, ಕೆರೆದು, ಮೊದಲು ಮುಂಗಾಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿ. ಟಕ್ ಎನ್ನಬೇಕು.

ಲಿಫ್ಟ್ ಹತ್ತುವಾಗ ಪೋಲಿನ ಪಟ್ಟಿಯನ್ನು ಮಣಿಕಟ್ಟಿನಿಂದ ಬಿಡಿಸಿ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ. ಇಳಿಯುವಾಗ ಸ್ಕೀ ಮೂತಿ ಮೇಲೆತ್ತಿ, ಗುರುತಿನ ಬಳಿ ಎದ್ದು, ನೇರ ಮುಂದಕ್ಕೆ. ನಾಲ್ವರು ಗೆಳೆಯರು ಒಂದೇ ಕುರ್ಚಿಯಲ್ಲಿ ಬಂದು ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ತಿರುಗಿದರೆ ನಡುವಿನವರು ಮಲಗುತ್ತಾರೆ, ಲಿಫ್ಟ್ ನಿಲ್ಲುತ್ತದೆ, ಹಿಂದೆ ಗಾಳಿಯಲ್ಲಿ ತೂಗಾಡುವವರೆಲ್ಲ ಕತ್ತು ಚಾಚಿ ನೋಡುತ್ತಾರೆ. ಬಿದ್ದರೆ ನಾಚಿಕೆ ಬಿಟ್ಟು ಅಂಬೆಗಾಲಿಟ್ಟು ಪಕ್ಕಕ್ಕೆ ಸರಿಯಿರಿ.

ಇನ್ನು ಹಲವು ರೆಸಾರ್ಟ್ ಸುತ್ತುವವರ ವಿಶೇಷ ಗಂಡಾಂತರ. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ ಎಂಬ ಗುರುತು ಆಯಾ ರೆಸಾರ್ಟಿನೊಳಗಿನ ಹೋಲಿಕೆ ಮಾತ್ರ. ನಾರ್ತ್‌ಸ್ಟಾರಿನ ನೀಲಿಯಲ್ಲಿ ಮೆರೆದವನಿಗೆ 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಪ್ಯಾಲಿಸೇಡ್ಸ್‌ನ ನೀಲಿ ಬೇರೆಯದೇ ಪಾಠ ಹೇಳುತ್ತದೆ. ಅಲ್ಲಿ ಕಲಿಯುವವರ ಜಾಗವೂ ಮೇಲೆ, ಹೈ ಕ್ಯಾಂಪಿನ ಹತ್ತಿರ. ತಂತಿಯ ಮೇಲೆ ತೂಗಿ ಹೋಗುವ ಟ್ರಾಮ್‌ನಲ್ಲಿ ಹೋಗಿ ಟ್ರಾಮ್‌ನಲ್ಲೇ ಇಳಿಯುವುದು ಬುದ್ಧಿವಂತಿಕೆ. ಹೆವನ್ಲಿಯಲ್ಲಂತೂ ಕ್ಯಾಲಿಫೋರ್ನಿಯಾ ಬದಿಯ ತಳಕ್ಕೆ ಇಳಿಯುವ ‘ಗನ್‌ಬ್ಯಾರೆಲ್’ ಎಂಬ ಉಬ್ಬುತಗ್ಗಿನ ಕಡಿದಾದ ಹಾದಿಯ ತುದಿಯಲ್ಲಿ ನಿಂತು ಮನೆದೇವರಿಗೆ ಹರಕೆ ಹೊರುವುದಕ್ಕಿಂತ, ಅತ್ತ ಸುಳಿಯದೆ ಗೊಂಡೋಲಾ ಎಂಬ ಕೇಬಲ್ ಕಾರಿನಲ್ಲಿ ಕೂತು ಇಳಿಯುವುದು ಮೇಲು. ಹೇಗೂ ಪೆಸಿಫಿಕ್ ಸಾಗರದ ತೇವ ಹೊತ್ತು ಬೀಳುವ ಇಲ್ಲಿನ ಹೊಸ ಹಿಮ ಭಾರವಾಗಿ ಕಾಲು ಎಳೆಯುತ್ತಿರುತ್ತದೆ. ಅದನ್ನು ಅಲ್ಲಿನವರು ‘ಸಿಯೆರಾ ಸಿಮೆಂಟ್’ ಎನ್ನುವುದು ಸುಮ್ಮನೆ ಅಲ್ಲ.

ಊಟಕ್ಕೆ ಹೋಗುವಾಗ ಜೋಡಿ ಸ್ಕೀಗಳನ್ನು ಒಂದೇ ಕಡೆ ಒರಗಿಸಬೇಡಿ. ಗೆಳೆಯನೊಂದಿಗೆ ಒಂದೊಂದು ಅದಲುಬದಲು ಮಾಡಿ ಬೇರೆ ಬೇರೆ ಸ್ಟ್ಯಾಂಡಿನಲ್ಲಿಡಿ. ಬಾಡಿಗೆ ಸ್ಕೀಗಳೆಲ್ಲ ಒಂದೇ ಬಣ್ಣ, ಒಂದೇ ಬ್ರಾಂಡ್. ಅಂಟಿಸಿದ ನಂಬರಿನ ಫೋಟೋ ಇಲ್ಲದಿದ್ದರೆ ಯಾರದೋ ತೂಕಕ್ಕೆ ಬಿಗಿಮಾಡಿದ ಸ್ಕೀ ನಿಮ್ಮ ಕಾಲಿಗೆ, ನಿಮ್ಮದು ಅಷ್ಟರಲ್ಲಿ ಸ್ಯಾಕ್ರಮೆಂಟೋ ದಾಟಿರುತ್ತದೆ. ಠೇವಣಿ ಕಟ್ಟಿದ ಕಾರ್ಡಿನ ಮೇಲೆ ಮಾತ್ರ ನಿಮ್ಮ ಹೆಸರೇ ಇರುತ್ತದೆ.